ಬ್ರಿಗೇಡ್ ರೋಡ್ ನೀಲಗಿರೀಸ್ ಶುರುವಾಗಿದ್ದು ಹೇಗೆ? ಹಳಬರು ಯಾರಾದ್ರೂ ಹೇಳಿ ಪ್ಲೀಸ್

ಬೆಣ್ಣೆ_ಬಿಸ್ಕತ್ತು:

ಎಲ್ರಿಗೂ ನಮಸ್ಕಾರ. ಮೊನ್ನೆ ಮನೆ ಅಟ್ಟ ಕ್ಲೀನ್ ಮಾಡ್ತಾ ಇದ್ದಾಗ ನೀಲಗಿರೀಸ್ ಸೂಪರ್ ಮಾರ್ಕೆಟ್‌ದು ಒಂದು ಹಳೇ ಚೀಲ ಸಿಕ್ತು, ಅದ್ರ ಮೇಲೆ 1905 ಅಂತ ಇದೆ. ನಾನು ಇಷ್ಟು ದಿನ ಸೂಪರ್ ಮಾರ್ಕೆಟ್ ಅನ್ನೋದೆಲ್ಲಾ ಮಾಲ್‌ಗಳು ಬಂದ್ಮೇಲೆ ಬಂದಿದ್ದು ಅಂದ್ಕೊಂಡಿದ್ದೆ. 1905ರಲ್ಲಿ ಬೆಂಗಳೂರಿಗೆ ಸರಿಯಾಗಿ ಕರೆಂಟೇ ಇನ್ನೂ ಹೊಸದು, ಆಗ ಸೂಪರ್ ಮಾರ್ಕೆಟ್ ಇತ್ತಾ? ಇನ್ನೊಂದು, ಹೆಸರು ನೀಲಗಿರಿ ಅಂತ ಇದೆ, ಆದ್ರೆ ನಮ್ಮನೇಲಿ ಎಲ್ರೂ ಅದನ್ನ ಬೆಂಗಳೂರಿಂದೇ ಅಂಗಡಿ ಅನ್ನೋ ಥರ ಮಾತಾಡ್ತಾರೆ. ತಾತನ್ನ ಕೇಳಿದ್ರೆ "ಬ್ರೆಡ್ಡು ಬೆಣ್ಣೆ ಅಂದ್ರೆ ಅಲ್ಲೇ ಕಣೋ" ಅಂತಾರೆ, ಅದಕ್ಕಿಂತ ಜಾಸ್ತಿ ಹೇಳಲ್ಲ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ದಂಡು_ಪ್ರದೇಶ:

ಒಳ್ಳೇ ಪ್ರಶ್ನೆ ಕೇಳಿದ್ರಿ, ನನಗೆ ತುಂಬಾ ಇಷ್ಟದ ವಿಷಯ ಇದು, ಉದ್ದ ಆಗುತ್ತೆ ಸ್ವಲ್ಪ ತಾಳ್ಮೆಯಿಂದ ಓದಿ.

1905ರಲ್ಲಿ ಸೂಪರ್ ಮಾರ್ಕೆಟ್ ಇರ್ಲಿಲ್ಲ, ಇದ್ದಿದ್ದು ಬೆಣ್ಣೆ ವ್ಯಾಪಾರ. ಅದೂ ಬೆಂಗಳೂರಲ್ಲಲ್ಲ, ನೀಲಗಿರಿ ಬೆಟ್ಟದಲ್ಲಿ. ಊಟಿ ಆಗ ಮದ್ರಾಸ್ ಪ್ರೆಸಿಡೆನ್ಸಿ ಸರ್ಕಾರದ ಬೇಸಿಗೆ ರಾಜಧಾನಿ, ಕೂನೂರು ಪಕ್ಕದ ವೆಲ್ಲಿಂಗ್ಟನ್‌ನಲ್ಲಿ ಸೈನ್ಯ ಬೇರೆ ಇತ್ತು. ಅಷ್ಟು ಜನ ಬ್ರಿಟಿಷರು ಒಂದೇ ಕಡೆ ಇದ್ದ ಮೇಲೆ ಬೆಣ್ಣೆ, ಕ್ರೀಮು, ಚೀಸು ಬೇಕೇ ಬೇಕಲ್ವಾ. ಒಬ್ಬ ಇಂಗ್ಲಿಷ್‌ನವನು ನಡೆಸ್ತಿದ್ದ ಬೆಣ್ಣೆ ವ್ಯಾಪಾರವನ್ನ ಮುದಲಿಯಾರ್ ಒಬ್ರು ಕೊಂಡ್ಕೊಂಡ್ರು ಅನ್ನೋದು ಆ ಸಂಸ್ಥೆ ಹೇಳ್ಕೊಂಡು ಬಂದಿರೋ ಕಥೆ, ಅವರು ಮೊದಲು ಬೆಟ್ಟಕ್ಕೆ ಟಪಾಲು ಹೊತ್ಕೊಂಡು ಹೋಗೋ ಕೆಲಸದಲ್ಲಿದ್ರಂತೆ. ಹಂಗಾಗಿ ಹೆಸರು ನೀಲಗಿರಿ ಡೈರಿ ಫಾರ್ಮ್. ಕೂನೂರಿಗೆ ಬೆಟ್ಟದ ರೈಲು ಬಂದಿದ್ದು 1899ರಲ್ಲಿ, ಊಟಿಗೆ 1908ರಲ್ಲಿ. ಫ್ರಿಜ್ಜು ಅನ್ನೋದೇ ಇಲ್ಲದ ಕಾಲದಲ್ಲಿ ಬೆಣ್ಣೆ ಕೆಡದೇ ಇರಬೇಕು ಅಂದ್ರೆ ತಣ್ಣಗಿರೋ ಊರೇ ಬೇಕು, ಊಟಿ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರ್‌ಗೂ ಮೇಲಿದೆ, ವ್ಯಾಪಾರ ಅಲ್ಲೇ ಬೇರು ಬಿಟ್ಟಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಬೆಂಗಳೂರಿಗೆ ಬಂದಿದ್ದು 1936ರಲ್ಲಿ. ಮುಂದಿನ ತಲೆಮಾರಿನ ಚೆನ್ನಿಯಪ್ಪನ್ ಅನ್ನೋರು ಬ್ರಿಗೇಡ್ ರೋಡಲ್ಲಿ ಅಂಗಡಿ ಇಟ್ರು. ಇಲ್ಲೊಂದು ವಿಷಯ ಗಮನಿಸ್ಬೇಕು, ಆಗ ಬ್ರಿಗೇಡ್ ರೋಡು ಮೈಸೂರು ಮಹಾರಾಜರ ಆಡಳಿತಕ್ಕೆ ಸೇರಿರ್ಲಿಲ್ಲ, ಅದು ದಂಡು, ಬ್ರಿಟಿಷರ ಆಡಳಿತದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. 1947ರಲ್ಲಿ ಮೈಸೂರಿಗೆ ವಾಪಸ್ ಬಂತು, 1949ರಲ್ಲಿ ಪೇಟೆ ದಂಡು ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯ್ತು. ಅಂದ್ರೆ ಊಟಿಯಲ್ಲಿದ್ದಂಥ ಗಿರಾಕಿಗಳೇ ಇಲ್ಲೂ ಇದ್ರು, ಬೆಣ್ಣೆ ಬ್ರೆಡ್ಡು ತಿನ್ನೋರು. ನಮ್ಮ ಚಿಕ್ಕಪೇಟೆ ಬಳೇಪೇಟೆ ಕಡೆಯವರಿಗೆ ಆ ಅಂಗಡಿ ಶುರುನಲ್ಲಿ ಬೇರೆ ಊರಿನ ಅಂಗಡಿ ಇದ್ದಂಗೇ.

ಇನ್ನು ನಿಮ್ಮ ಅಸಲಿ ಪ್ರಶ್ನೆ. ಅಂಗಡಿ ಸೂಪರ್ ಮಾರ್ಕೆಟ್ ಆಗಿದ್ದು 1971ರಲ್ಲಿ. ಸೂಪರ್ ಮಾರ್ಕೆಟ್ ಅಂದ್ರೆ ದೊಡ್ಡ ಅಂಗಡಿ ಅಂತಲ್ಲ, ಸಾಮಾನನ್ನ ನೀವೇ ಕೈಯಾರೆ ತಗೊಂಡು ಕೊನೆಗೆ ಒಂದು ಕಡೆ ದುಡ್ಡು ಕೊಡೋದು, ಅದೇ ಅದ್ರ ಜೀವಾಳ. ಈ ಪದ್ಧತಿ ಅಮೆರಿಕದ ಮೆಂಫಿಸ್‌ನಲ್ಲಿ 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನೋನು ಪಿಗ್ಲಿ ವಿಗ್ಲಿ ಅನ್ನೋ ಅಂಗಡೀಲಿ ಶುರು ಮಾಡಿದ್ದು. ನಮ್ಮಲ್ಲಿ ಶೆಟ್ಟರ ಅಂಗಡೀಲಿ ಚೀಟಿ ಕೊಟ್ಟು ನಿಂತ್ಕೊಂಡ್ರೆ ಅವರೇ ತೂಗಿ ಪೊಟ್ಲೆ ಕಟ್ಟಿ ಕೊಡ್ತಿದ್ರು, ಬೇಳೆ ಸಕ್ಕರೆ ಎಲ್ಲಾ ಮೂಟೇಲಿ ಬರೋದು, ಪ್ಯಾಕೆಟ್ ಅನ್ನೋದೇ ಕಮ್ಮಿ. ಪ್ಯಾಕೆಟ್ ಇಲ್ದೆ ಗಿರಾಕಿ ತಾನೇ ತಗೊಳೋದು ಹೆಂಗೆ ಹೇಳಿ? ನನಗನ್ಸೋದು ನೀಲಗಿರೀಸ್‌ಗೆ ಅದು ಸಾಧ್ಯ ಆಗಿದ್ದು ಅವರದ್ದೇ ಬ್ರೆಡ್ಡು, ಅವರದ್ದೇ ಬೆಣ್ಣೆ, ಕೇಕು ಇದ್ದಿದ್ರಿಂದ. ಬೇರೆಯವರು ಪ್ಯಾಕ್ ಮಾಡಿ ಕಳಿಸ್ಲಿ ಅಂತ ಕಾಯಬೇಕಾಗಿರ್ಲಿಲ್ಲ. ಬೆಂಗಳೂರು ಡೈರಿ ಬಂದಿದ್ದು 1965ರಲ್ಲಿ, ಕೆಎಂಎಫ್ ಅದಕ್ಕೂ ಆಮೇಲೆ, ಅಷ್ಟೊತ್ತಿಗೆ ಇವರು ಇಲ್ಲಿ ಬೆಣ್ಣೆ ಮಾರೋಕೆ ಶುರು ಮಾಡಿ ಮೂವತ್ತು ವರ್ಷ ಹತ್ರ ಆಗಿತ್ತು. ನಿಮ್ಮ ತಾತ ಒಂದೇ ಮಾತಲ್ಲಿ ಹೇಳಿದ್ದು ಸರಿಯಾಗೇ ಇದೆ.

ಕಡ್ಲೇಕಾಯ್_ಪರಿಷೆ:

ಸರ್ ಸೂಪರಾಗಿ ಬರ್ದಿದೀರ. ಕೇಕ್ ಶೋ ಬಿಟ್ಬಿಟ್ರಿ! ಡಿಸೆಂಬರ್ ಬಂದ್ರೆ ಸೇಂಟ್ ಜೋಸೆಫ್ಸ್ ಸ್ಕೂಲ್ ಮೈದಾನದಲ್ಲಿ ಸಕ್ಕರೇಲಿ ಕಟ್ಟಿದ ಅರಮನೆ ಚರ್ಚು ಎಲ್ಲಾ ನೋಡೋಕೆ ಕ್ಯೂ ನಿಲ್ತಿದ್ವಲ್ಲ, ಅದ್ರ ಬೇರೂ ನೀಲಗಿರೀಸ್‌ದೇ, 1970ರ ದಶಕದಲ್ಲಿ ಬ್ರಿಗೇಡ್ ರೋಡ್ ಅಂಗಡೀಲೇ ಶುರುವಾಗಿದ್ದು. ಅದೇ ಮನೆತನದ ಸಿ. ರಾಮಚಂದ್ರನ್ ಅವರು ಬೇಕಿಂಗ್ ಕಲಿಸೋ ಇನ್‌ಸ್ಟಿಟ್ಯೂಟ್ ಕೂಡ ಮಾಡಿದ್ರು. ನಮ್ಮಕ್ಕ ಐಸಿಂಗ್ ಕಲಿತಿದ್ದು ಆ ಶೋ ನೋಡಿ ಹುಚ್ಚು ಹಿಡಿದ ಮೇಲೇನೆ.

ಸೊಸೈಟಿ_ಕಾರ್ಡು:

ಒಂದು ಸಣ್ಣ ತಕರಾರು, ತಪ್ಪು ತಿಳ್ಕೋಬೇಡಿ. ಸುಮಾರು ಜನ ನೀಲಗಿರೀಸ್ ದೇಶದ ಮೊಟ್ಟಮೊದಲ ಸೂಪರ್ ಮಾರ್ಕೆಟ್ ಅಂತಾರೆ, ನೀವು ಹಾಗೆ ಹೇಳಿಲ್ಲ, ಸಂತೋಷ. ಆದ್ರೆ ಸಹಕಾರಿಗಳನ್ನ ಬಿಟ್ಟು ಈ ಕಥೆ ಹೇಳಿದ್ರೆ ಅರ್ಧ ಕಥೆ. ಮದ್ರಾಸಿನ ಟ್ರಿಪ್ಲಿಕೇನ್ ಅರ್ಬನ್ ಕೋಆಪರೇಟಿವ್ ಸೊಸೈಟಿ 1904ರದ್ದು, ಅಂದ್ರೆ ನೀಲಗಿರಿ ಬೆಣ್ಣೆಗಿಂತ ಒಂದು ವರ್ಷ ಮುಂಚೆ, ಅಲ್ಲಿ ಮಧ್ಯಮವರ್ಗದ ಜನ ತಾವೇ ಸೇರ್ಕೊಂಡು ದಿನಸಿ ಅಂಗಡಿ ನಡೆಸಿ ಶಾಖೆ ಮೇಲೆ ಶಾಖೆ ಮಾಡಿದ್ರು. ನಮ್ಮ ಹಾಪ್‌ಕಾಮ್ಸ್ 1959ರಲ್ಲಿ ತೋಟಗಾರಿಕೆ ಇಲಾಖೆಯ ಮರೀಗೌಡ್ರ ಕಾಲದಲ್ಲಿ ದ್ರಾಕ್ಷಿ ಬೆಳೆಗಾರರ ಸಂಘ ಅಂತ ಹುಟ್ಟಿದ್ದು, ಆಮೇಲೆ ಎಲ್ಲಾ ಹಣ್ಣು ತರಕಾರಿಗೂ ಹರಡ್ತು. 1966ರ ಜೂನ್‌ನಲ್ಲಿ ರೂಪಾಯಿ ಬೆಲೆ ಇಳಿಸಿದ್ರಲ್ಲ, ಡಾಲರ್‌ಗೆ 4.76 ಇದ್ದಿದ್ದು 7.50 ಆಯ್ತು, ಬೆಲೆ ಏರುತ್ತೆ ಅನ್ನೋ ಭಯಕ್ಕೆ ಅದೇ ವರ್ಷ ದೆಹಲೀಲಿ ಸರ್ಕಾರವೇ ಸೂಪರ್ ಬಜಾರ್ ತೆಗೀತು. ನಮ್ಮ ಕೆಂಪೇಗೌಡ ರಸ್ತೆ ಜನತಾ ಬಜಾರ್ ಕೂಡ ಇದೇ ಸಾಲಿನದ್ದು.

ವ್ಯತ್ಯಾಸ ಏನಪ್ಪಾ ಅಂದ್ರೆ ಸಹಕಾರಿಗಳು ಹುಟ್ಟಿದ್ದು ಬೆಲೆ ಹಿಡಿತದಲ್ಲಿಡೋಕೆ, ನೀಲಗಿರೀಸ್ ಹುಟ್ಟಿದ್ದು ಗುಣಮಟ್ಟ ಕೇಳೋ ಗಿರಾಕಿಗೋಸ್ಕರ. ನಮ್ಮಪ್ಪ ತಿಂಗಳ ಸಂಬಳ ಬಂದ ದಿನ ಜನತಾ ಬಜಾರ್‌ಗೆ ಹೋಗೋರು, ಹುಟ್ಟಿದಬ್ಬ ಇದ್ರೆ ಮಾತ್ರ ಬ್ರಿಗೇಡ್ ರೋಡು. ಎರಡೂ ಬೇಕಾಗಿತ್ತು ನಮ್ಮ ಊರಿಗೆ.

ಬಿಲ್ಲಿಂಗ್_ಕೌಂಟರ್:

ಆಮೇಲಿನ ಭಾಗ ನಾನು ಹೇಳ್ತೀನಿ, ರಿಟೇಲ್ ಲೈನಲ್ಲೇ ಹದಿನೈದು ವರ್ಷ ಇದ್ದೆ. 1996ರಲ್ಲಿ ಆರ್‌ಪಿಜಿ ಗುಂಪಿನವರ ಫುಡ್‌ವರ್ಲ್ಡ್ ಸೂಪರ್ ಮಾರ್ಕೆಟ್ ಚೆನ್ನೈಯಲ್ಲಿ ಶುರುವಾಗಿ ಬೆಂಗಳೂರಿಗೂ ಬಂತು. ಹೈದರಾಬಾದ್ ಕಡೆ ತ್ರಿನೇತ್ರ ಅನ್ನೋ ಸೂಪರ್ ಮಾರ್ಕೆಟ್ ಇತ್ತು. 1999ರಲ್ಲಿ ಬೆಂಗಳೂರಿನ ಕೆಲವು ಗೆಳೆಯರು ಫ್ಯಾಬ್‌ಮಾರ್ಟ್ ಅಂತ ಆನ್‌ಲೈನ್ ಅಂಗಡಿ ಮಾಡಿ, ಆಗ ನೆಟ್ ಇರೋ ಮನೆಗಳೇ ಕಮ್ಮಿ ಆದ್ರಿಂದ, ಫ್ಯಾಬ್‌ಮಾಲ್ ಅಂತ ನಿಜವಾದ ಅಂಗಡಿಗಳನ್ನೂ ತೆಗೆದ್ರು, ಅದು ತ್ರಿನೇತ್ರ ಜೊತೆ ಸೇರ್ತು, 2007ರಲ್ಲಿ ಆದಿತ್ಯ ಬಿರ್ಲಾ ಗುಂಪು ಎಲ್ಲಾ ಕೊಂಡ್ಕೊಂಡು ಮೋರ್ ಅಂತ ಹೆಸರಿಟ್ರು. ಅದೇ ಗೆಳೆಯರಲ್ಲಿ ಕೆಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಮಾಡಿದ್ದು! ನೋಡಿ ಎಲ್ಲಾ ದಕ್ಷಿಣದ್ದೇ.

ನೀಲಗಿರೀಸ್‌ಗೂ ಆ ಹೊತ್ತಿಗೆ ಆಕ್ಟಿಸ್ ಅನ್ನೋ ವಿದೇಶಿ ಹೂಡಿಕೆ ಕಂಪನಿ ಬಂತು, ಮನೆತನದ ಕೈಯಿಂದ ಹಿಡಿತ ಹೋಯ್ತು. 2014ರಲ್ಲಿ ಬಿಗ್ ಬಜಾರ್ ನಡೆಸ್ತಿದ್ದ ಫ್ಯೂಚರ್ ಗುಂಪಿನವರು ಸುಮಾರು 300 ಕೋಟಿ ರೂಪಾಯಿಗೆ ತಗೊಂಡ್ರು. ಅಷ್ಟೊತ್ತಿಗೆ ಅಂಗಡಿಗಳು ಬಹುತೇಕ ಫ್ರಾಂಚೈಸಿಗಳು, ಅಂದ್ರೆ ಜಾಗ ಮತ್ತೆ ದಿನದ ವ್ಯಾಪಾರ ಬೇರೆ ಯಾರದ್ದೋ, ಹೆಸರು ಮತ್ತೆ ಬ್ರೆಡ್ಡು ಬೆಣ್ಣೆ ಇವರದ್ದು. ಕೊರೊನಾ ಟೈಮಲ್ಲಿ ಫ್ಯೂಚರ್ ಗುಂಪೇ ಸಾಲದಲ್ಲಿ ಮುಳುಗ್ತು, ವ್ಯಾಪಾರ ಮಾರೋಕೆ ರಿಲಯನ್ಸ್ ಜೊತೆ 2020ರಲ್ಲಿ ಮಾಡ್ಕೊಂಡಿದ್ದ 24,713 ಕೋಟಿ ಒಪ್ಪಂದಕ್ಕೆ ಅಮೆಜಾನ್ ಕೋರ್ಟಲ್ಲಿ ಅಡ್ಡ ನಿಂತು 2022ರಲ್ಲಿ ಅದು ಮುರಿದುಬಿತ್ತು. ನನಗೆ ಬೇಜಾರಾಗೋದು ಇಷ್ಟೇ, ಬೆಣ್ಣೆ ಕೆಟ್ಟಿದೆಯೋ ಇಲ್ವೋ ಅಂತ ಮೂಸಿ ನೋಡೋ ಮಾಲೀಕರು ಇದ್ದ ಜಾಗಕ್ಕೆ ಷೇರು ಲೆಕ್ಕ ನೋಡೋರು ಬಂದ್ರೆ ಅಂಗಡಿಯ ರೀತಿನೇ ಬದಲಾಗುತ್ತೆ.

ಬೆಣ್ಣೆ_ಬಿಸ್ಕತ್ತು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೆಲ್ಲಾ ಗೊತ್ತಾಗುತ್ತೆ ಅಂದ್ಕೊಂಡಿರ್ಲಿಲ್ಲ. ರಾತ್ರಿ ತಾತಂಗೆ ಎಲ್ಲಾ ಓದಿ ಹೇಳ್ದೆ. ಆ ಗಿರಾಕಿ ತಾನೇ ತಗೊಳೋ ವಿಷಯ ಬಂದಾಗ ನಿಲ್ಲಿಸು ಅಂದ್ರು. ಮದುವೆ ಆದ ಹೊಸದ್ರಲ್ಲಿ ಅಜ್ಜಿನ ಅಲ್ಲಿಗೆ ಕರ್ಕೊಂಡು ಹೋಗಿದ್ರಂತೆ, ಅಜ್ಜಿ ಬುಟ್ಟಿ ಹಿಡ್ಕೊಂಡು ಬ್ರೆಡ್ಡಿನ ಮುಂದೆ ಎಷ್ಟೊತ್ತಾದ್ರೂ ಸುಮ್ನೆ ನಿಂತೇ ಇದ್ರಂತೆ, ಯಾಕೆ ಅಂದ್ರೆ ಯಾರಾದ್ರೂ ಬಂದು ತೆಕ್ಕೊಡ್ತಾರೆ ಅಂತ ಕಾಯ್ತಾ ಇದ್ರಂತೆ. ಆಮೇಲೆ ಪಕ್ಕದಲ್ಲಿದ್ದ ಒಬ್ಬ ಹೆಂಗಸು ತಗೊಂಡಿದ್ದು ನೋಡಿ ಇವರೂ ಒಂದು ತಗೊಂಡ್ರಂತೆ. ಅಟ್ಟದ ಮೇಲಿದ್ದ ಚೀಲ ಅಜ್ಜೀನೇ ಎತ್ತಿಟ್ಟಿದ್ದಂತೆ, ಈಗ ತಾತ ಅದನ್ನ ಮಡಚಿ ಅವರ ಬೀರುನಲ್ಲಿ ಇಟ್ಕೊಂಡಿದಾರೆ.