ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಆಧ್ಯಾತ್ಮಿಕ ಬೆಳವಣಿಗೆ: ಯಾವುದು ಸಲ್ಲುತ್ತದೆ, ಯಾವುದು ದಕ್ಕುತ್ತದೆ?

ಪ್ರಶ್ನೆ: ಸಹಶಿಕ್ಷಕಿ, ಬಾಗೇಪಲ್ಲಿ ತಾಲ್ಲೂಕು

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯವರಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ಮಕ್ಕಳು ಮೊಬೈಲಿಗೆ ಅಂಟಿಕೊಂಡು ಭಯಭಕ್ತಿಯಿಲ್ಲದೆ ಬೆಳೆಯುತ್ತಿದ್ದಾರೆ, ಬೆಳಗಿನ ಪ್ರಾರ್ಥನೆಯಲ್ಲಿ ಶ್ಲೋಕ ಹೇಳಿಸಿ, ಧ್ಯಾನ ಮಾಡಿಸಿ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೆಲವು ಪೋಷಕರು ಕೇಳಿದರು. ಅವರ ಕಳಕಳಿ ಸುಳ್ಳಲ್ಲ. ಆದರೆ ನಮ್ಮಲ್ಲಿ ಮುಸ್ಲಿಂ ಮನೆಗಳ ಮಕ್ಕಳೂ ಇದ್ದಾರೆ; ಜೊತೆಗೆ ಹೆಚ್ಚಿನವರ ಮನೆಮಾತು ತೆಲುಗು ಆಗಿರುವುದರಿಂದ, ಕನ್ನಡವನ್ನೇ ಈಗ ಕಲಿಯುತ್ತಿರುವವರಿಗೆ ಸಂಸ್ಕೃತದ ಶ್ಲೋಕ ಬರಿಯ ಬಾಯಿಪಾಠವಾಗಿ ಉಳಿದೀತೆಂಬ ಅನುಮಾನವೂ ನನಗಿದೆ. ಕಾನೂನು ಏನು ಹೇಳುತ್ತದೆ? ಈ ವಯಸ್ಸಿನವರಿಗೆ ನಿಜವಾಗಿ ಏನು ದಕ್ಕುತ್ತದೆ?

ಉತ್ತರ 1: ನಿವೃತ್ತ ಮುಖ್ಯಶಿಕ್ಷಕ, ತುಮಕೂರು

ಮೇಡಂ, ಕಾನೂನು ಸ್ಪಷ್ಟವಾಗಿದೆ. ಪೂರ್ಣವಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28(1)ನೇ ವಿಧಿ ಹೇಳುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿಯೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅಂಥ ಬೋಧನೆಗೆ ಕೂರಿಸುವಂತಿಲ್ಲ; ಅದು 28(3). ಆದರೆ ಧರ್ಮಗಳ ವಿಷಯವನ್ನು ತಿಳಿಸುವುದಕ್ಕೆ ಅಡ್ಡಿಯಿಲ್ಲವೆಂದು 2002ರಲ್ಲಿ, ಶಾಲಾ ಪಠ್ಯಕ್ರಮದ ಕುರಿತಾದ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿದೆ.

ನಮ್ಮ ಕಡೆ ಇಂಥ ಚರ್ಚೆ ಎದ್ದೊಡನೆ ಸಿದ್ಧಗಂಗಾ ಮಠದ ಸಾಮೂಹಿಕ ಪ್ರಾರ್ಥನೆಯ ಉದಾಹರಣೆ ಬರುತ್ತದೆ. ಅದು ಮಠ, ತಿಳಿದೇ ಮಕ್ಕಳನ್ನು ಅಲ್ಲಿಗೆ ಕಳುಹಿಸುತ್ತಾರೆ. ಸರ್ಕಾರಿ ಶಾಲೆ ಅಲ್ಲಿಂದ ಪಡೆಯಬೇಕಾದದ್ದು ಪ್ರಾರ್ಥನೆಗಿಂತ ಹೆಚ್ಚಾಗಿ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಜಾತಿಮತ ನೋಡದೆ ನಡೆಸಿಕೊಂಡು ಬಂದ ಅನ್ನ, ಅಕ್ಷರ, ಆಶ್ರಯಗಳ ದಾಸೋಹದ ರೀತಿಯನ್ನು. ನಿಮ್ಮ ಬಿಸಿಯೂಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುವುದಿಲ್ಲ ಎಂಬುದನ್ನು ಒಂದು ವಾರ ಗಮನಿಸಿ, ಕೆಲಸ ಎಲ್ಲಿಂದ ಶುರುವಾಗಬೇಕೆಂದು ಗೊತ್ತಾಗುತ್ತದೆ.

ಉತ್ತರ 2: ಪೋಷಕ, ಚಿಂತಾಮಣಿ

ಸರ್ ಹೇಳಿದ್ದು ಸರಿ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮಕ್ಕಳಿಗೆ ಊರಿನ ಪರಂಪರೆಯೇ ತಪ್ಪಿಹೋಗುತ್ತದೆ. ಕೈವಾರದ ಯೋಗಿ ನಾರೇಯಣರ ತತ್ತ್ವಪದಗಳು ತೆಲುಗಿನಲ್ಲೂ ಕನ್ನಡದಲ್ಲೂ ಇವೆ, ಎಷ್ಟೋ ಮನೆಗಳ ಭಜನೆಯಲ್ಲಿ ಮಕ್ಕಳು ಅವನ್ನು ಕೇಳಿರುತ್ತಾರೆ. ಶ್ಲೋಕದ ಬದಲು ಅವನ್ನೇ ಹೇಳಿಸಬಹುದಲ್ಲವೇ?

ಉತ್ತರ 3: ಪ್ರಾಥಮಿಕ ಶಾಲಾ ಶಿಕ್ಷಕಿ, ಕೋಲಾರ

ನಿತ್ಯದ ಪ್ರಾರ್ಥನೆಯಾಗಿ ಹೇಳಿಸಿದರೆ ಶ್ಲೋಕಕ್ಕಿರುವ ತೊಡಕೇ ತತ್ತ್ವಪದಕ್ಕೂ ಇದೆ. ಬಳೆ ಮಾರುತ್ತಿದ್ದ ನಾರೇಯಣರು ಯೋಗಿಯಾದ ಕಥೆಯನ್ನು ಪರಿಸರ ಅಧ್ಯಯನದ ಹೊತ್ತಿನಲ್ಲಿ ಹೇಳಿ, ಪದವನ್ನು ಕೇಳಿಸಿದರೆ ತೊಡಕಿಲ್ಲ.

ನನ್ನ ಅಭಿಪ್ರಾಯದಲ್ಲಿ ಮಕ್ಕಳಿಗೆ ಉತ್ತರಗಳನ್ನು ತುಂಬುವುದಕ್ಕಿಂತ ಅವರ ಪ್ರಶ್ನೆಗಳಿಗೆ ಜಾಗ ಕೊಡುವುದು ಮುಖ್ಯ. ಇಂಗ್ಲೆಂಡಿನಲ್ಲಿ 1988ರ ಶಿಕ್ಷಣ ಸುಧಾರಣಾ ಕಾಯ್ದೆ ಆಧ್ಯಾತ್ಮಿಕ ಬೆಳವಣಿಗೆಯನ್ನೂ ಪಠ್ಯಕ್ರಮದ ಹೊಣೆಯೆಂದಿತು; ಆದರೆ ಅಲ್ಲಿನ ಶಾಲಾ ತಪಾಸಣೆಯವರು ಈ ಹೆಸರಿನಲ್ಲಿ ಮಗುವಿನ ಭಕ್ತಿಯನ್ನು ಅಳೆಯುವುದಿಲ್ಲ, ಅದರ ಬೆರಗು, ಆಲೋಚನೆ, ಇತರರ ನಂಬಿಕೆಗೆ ತೋರುವ ಗೌರವವನ್ನು ನೋಡುತ್ತಾರೆ. ಬೆರಗಿಗೆ ನಮ್ಮಲ್ಲೇನು ಕೊರತೆ? ಕೊಳವೆಬಾವಿಗಳು ಬತ್ತುವ ನಮ್ಮ ಕೋಲಾರ ಜಿಲ್ಲೆಯಲ್ಲಿ ಅಂತರಗಂಗೆ ಬೆಟ್ಟದ ಕಲ್ಲಿನ ಬಸವನ ಬಾಯಿಂದ ನೀರು ಬರುವುದನ್ನು ಕಂಡ ಮಗು ಅದು ಎಲ್ಲಿಂದ ಬರುತ್ತದೆಂದು ಕೇಳಿಯೇ ಕೇಳುತ್ತದೆ. ತಕ್ಷಣ ಪುರಾಣವನ್ನಾಗಲಿ ಭೂಗೋಳವನ್ನಾಗಲಿ ಹೇಳಿ ಮುಗಿಸಬೇಡಿ. ಸ್ವಲ್ಪ ಹೊತ್ತು ಅವರವರೇ ಊಹಿಸಲಿ.

ಸಾವಿನ ಪ್ರಶ್ನೆ ಇದಕ್ಕಿಂತ ಕಷ್ಟ. ಅಜ್ಜಿ ತೀರಿಕೊಂಡ ಮಗು ಅವಳೆಲ್ಲಿ ಹೋದಳೆಂದು ಕೇಳಿದರೆ, ಮನೆಯಲ್ಲಿ ಏನು ಹೇಳಿದರೆಂದು ವಿಚಾರಿಸಿ, ಅದನ್ನು ತಿದ್ದಲು ಹೋಗದೆ ಅಜ್ಜಿಯ ಬಗ್ಗೆ ಮಾತಾಡಲು ಬಿಡಬೇಕು. ಧ್ಯಾನದ ಬದಲು ಒಂದು ನಿಮಿಷ ಮೌನವಾಗಿ ಕೂತು ಹೊರಗಿನ ಸದ್ದು ಕೇಳಿಸಿಕೊಳ್ಳುವುದು ಸಾಕು. ಗದರಿಸಿ ಕಣ್ಣು ಮುಚ್ಚಿಸಿದರೆ ಅದು ಶಿಕ್ಷೆಯಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಒಂದು ನಿಮಿಷದ ಮೌನವನ್ನೂ ಮಕ್ಕಳ ಪ್ರಶ್ನೆಗಳಿಗೆಂದೇ ಶನಿವಾರ ಒಂದು ಅವಧಿಯನ್ನೂ ಮುಂದಿನ ಸಭೆಯಲ್ಲಿ ಪ್ರಸ್ತಾಪಿಸುತ್ತೇನೆ. ‘ಮಿಸ್, ನೀವು ದೇವರನ್ನು ನಂಬುತ್ತೀರಾ?’ ಎಂದು ಮಗು ಕೇಳಿದರೆ ಏನು ಹೇಳುವುದು?

ಉತ್ತರ 3ರವರು

ಇದ್ದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ. ಬೇರೆ ರೀತಿ ನಂಬುವ ಒಳ್ಳೆಯವರೂ ಊರಿನಲ್ಲಿದ್ದಾರೆಂದು ಸೇರಿಸಿ, ‘ನಿನಗೇನನ್ನಿಸುತ್ತದೆ?’ ಎಂದು ಕೇಳಿ.