ಸೀನನ ಅಜ್ಞಾತವಾಸ

ಸೀನ ಹೋಟೆಲಿಗೆ ಬಂದವನೇ ಮೂಲೆ ಟೇಬಲ್ ಹಿಡಿದು, ಗೋಡೆಗೆ ಬೆನ್ನು ಕೊಟ್ಟು ಕೂತ. ಮುಸ್ಸಂಜೆ ಹೊತ್ತಲ್ಲಿ ಕಪ್ಪು ಕನ್ನಡಕ, ತಲೆಗೆ ಮಂಕಿಕ್ಯಾಪು ಬೇರೆ.

"ಏನಯ್ಯ, ಸಾಲಗಾರರು ಬೆನ್ನು ಹತ್ತಿದಾರಾ?" ಅಂದ ಗುರು.

"ಮೆಲ್ಲಗೆ ಮಾತಾಡೋ. ನಾನೀಗ ಟಾರ್ ಬಳಸ್ತಿದೀನಿ."

"ನಮ್ಮ ಬೀದಿಗೇ ಟಾರು ಬಂದಿಲ್ಲ, ನಿನಗೆಲ್ಲಿ ಸಿಕ್ತೋ!"

ನೆಟ್‌ವರ್ಕ್ ಕೆಲಸದ ವನಜಾ ಕಾಫಿ ಕೆಳಗಿಟ್ಟಳು. "ಇಂಟರ್‌ನೆಟ್‌ನಲ್ಲಿ ಗುರುತು ಮರೆಸೋ ಸಾಫ್ಟ್‌ವೇರ್ ಕಣ್ರೋ ಅದು, ಈರುಳ್ಳಿ ಲೆಕ್ಕ. ಕಳಿಸೋ ಮಾಹಿತಿಗೆ ಗುಟ್ಟಿನ ಲಿಪಿಯ ಮೂರು ಸಿಪ್ಪೆ, ದಾರೀಲಿ ಮೂರು ಕಂಪ್ಯೂಟರು. ಒಂದೊಂದೂ ಒಂದು ಸಿಪ್ಪೆ ಸುಲಿದು ಮುಂದಕ್ಕೆ ದಾಟಿಸುತ್ತೆ. ಮೊದಲನೆಯದಕ್ಕೆ ಕಳಿಸಿದ್ದು ಎಲ್ಲಿಂದ ಅಂತ ಗೊತ್ತು, ಎಲ್ಲಿಗೆ ಅಂತ ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಎಲ್ಲಿಂದ ಅಂತ ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ."

"ಥೇಟ್ ಸರ್ಕಾರಿ ಕಡತ!"

"ಹುಟ್ಟಿದ್ದೂ ಸರ್ಕಾರದಲ್ಲೇ. 90ರ ದಶಕದಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. ಆದ್ರೆ ಅವರೊಬ್ಬರೇ ಬಳಸಿದ್ರೆ, ಅದರಿಂದ ಬಂದೋರೆಲ್ಲ ನೌಕಾಪಡೆಯೋರೇ ಅಂತಾಗುತ್ತಲ್ಲ? ಅದಕ್ಕೇ ಎಲ್ಲರಿಗೂ ಬಿಟ್ಟುಕೊಟ್ರು. ಜಾತ್ರೆ ಇದ್ರೆ ತಾನೆ ತಪ್ಪಿಸ್ಕೊಳ್ಳೋಕಾಗೋದು."

ನಾನು ಸೀನನನ್ನ ಕೆಣಕಿದೆ. "ಟಾರ್‌ನಲ್ಲಷ್ಟೇ ತೆರೆಯೋ ಗುಪ್ತ ತಾಣ ಏನಾದ್ರೂ ಸಿಕ್ತೇನೋ?"

"ಸುಲಭ ಅಂದ್ಕೊಂಡ್ಯಾ? ವಿಳಾಸಕ್ಕೆ 56 ಅಕ್ಷರ, ಕೊನೇಲಿ ಡಾಟ್ ಆನಿಯನ್. ಬೆಕ್ಕು ಕೀಬೋರ್ಡ್ ಮೇಲೆ ಓಡಾಡಿದ ಹಾಗಿರುತ್ತೆ. ಪೂರ್ತಿ ಪಟ್ಟಿ ಅಂತ ಎಲ್ಲೂ ಇಲ್ಲ. ಅಹ್ಮಿಯಾ ಅನ್ನೋ ಹುಡುಕುಯಂತ್ರಕ್ಕೂ ಯಾರಾದ್ರೂ ಹೊರಗೆ ಹಾಕಿದ ವಿಳಾಸ ಮಾತ್ರ ಸಿಗೋದು. ಮೊದಲ ನಾಲ್ಕಾರು ಅಕ್ಷರ ಹೊಂದಿಸಿ ನಕಲಿ ತಾಣ ಕಟ್ಟೋ ಖದೀಮರು ಬೇರೆ! ರಾತ್ರಿ ಎರಡರ ತನಕ ಕೂತಿದ್ದೆ."

"ಕೊನೆಗೆ?"

ಸೀನ ಆಚೀಚೆ ನೋಡಿ ಪಿಸುಗುಟ್ಟಿದ. "ಬಿಬಿಸಿ."

ಗುರುವಿಗೆ ಕಾಫಿ ನೆತ್ತಿಗೇರಿತು.

"ನಗಬೇಡ್ರೋ," ಅಂದಳು ವನಜಾ. "ಬಿಬಿಸಿಗೆ ತಡೆ ಹಾಕಿರೋ ದೇಶದೋರಿಗೆ 2019ರಲ್ಲಿ ಮಾಡಿದ್ದು ಅದು. ಅವರಿಗೆ ಜೀವದ ಪ್ರಶ್ನೆ. ಸೀನಾ, ಅಲ್ಲಿ ಬೇರೇನೂ ಮಾಡಿಲ್ಲ ತಾನೇ?"

"ಇಲ್ಲಪ್ಪ. ಸುಮ್ನೆ ಜಿಮೇಲ್ ತೆಗೆದು ನೋಡಿದೆ, ಅಷ್ಟೇ."

"ಮುಗೀತು! ಮೂರು ಸುತ್ತು ಮುಸುಕು ಹಾಕ್ಕೊಂಡು ಹೋಗಿ, ಬಾಗಿಲಲ್ಲಿ ಹೆಸರು ಕೂಗಿ ಹೇಳಿದ ಹಾಗಾಯ್ತು. 2013ರಲ್ಲಿ ಹಾರ್ವರ್ಡ್ ಹುಡುಗನೊಬ್ಬ ಪರೀಕ್ಷೆ ತಪ್ಪಿಸೋಕೆ ಬಾಂಬ್ ಇದೆ ಅಂತ ಸುಳ್ಳು ಈಮೇಲ್ ಕಳಿಸಿದ. ಟಾರ್‌ನಲ್ಲೇ, ತಾತ್ಕಾಲಿಕ ವಿಳಾಸದಿಂದಲೇ. ಆದ್ರೆ ವಿಶ್ವವಿದ್ಯಾಲಯದ ವೈಫೈನಲ್ಲಿ! ಟಾರ್ ಮುರಿಯೋ ಗೋಜಿಗೇ ಯಾರೂ ಹೋಗಲಿಲ್ಲ. ಆ ಹೊತ್ತಲ್ಲಿ ಈ ವೈಫೈನಿಂದ ಟಾರ್‌ಗೆ ಹೋದೋರು ಯಾರ‍್ಯಾರು ಅಂತ ದಾಖಲೆ ನೋಡಿದ್ರು, ಹೋಗಿ ಕೇಳಿದ್ರು, ಒಪ್ಕೊಂಡ."

"ಪರೀಕ್ಷೆ?" ಅಂದ ಗುರು. ಅವನ ಚಿಂತೆಯೇ ಬೇರೆ.

ಸೀನ ಕ್ಯಾಪನ್ನ ಇನ್ನಷ್ಟು ಕೆಳಗೆಳೆದುಕೊಂಡ. "ನನ್ನನ್ನ ಮಾತ್ರ ಯಾರೂ ಹಿಡಿಯೋಕಾಗಲ್ಲ, ನೋಡ್ತಿರಿ."

ಅಷ್ಟರಲ್ಲಿ ಸಪ್ಲೈಯರ್ ಅಡುಗೆಮನೆ ಬಾಗಿಲಿಂದಲೇ ಕೂಗಿದ. "ಸೀನಣ್ಣಾ, ದಿನದಂಗೆ ಈರುಳ್ಳಿ ದೋಸೇನಾ?"