ಹಳೇ ಲಾರಿ ಬುಷ್ ಯಾವಾಗ ಬದಲಿಸಬೇಕು? ಮೇಸ್ತ್ರಿಗೆ ಕೇಳ್ರಿ

ಸಿಂಧನೂರು ಭತ್ತದ ಲಾರಿ: ಮೇಸ್ತ್ರಿ ಅಣ್ಣಾ, ನಮ್ದು ಹಳೇ 1613 ಮಾಡೆಲ್ ಲಾರಿ. ಗುಂಡಿಗಿಳಿದ್ರ ಮುಂದ ಕಟಕ್ ಅಂತೈತಿ. ಕಮಾನ್ ಪಟ್ಟಿ ಬುಷ್ (ಪಿನ್ ಸುತ್ತ ಕುಂದ್ರೋ ಕೊಳವಿ) ಹೋಗೈತೇನ್ರಿ?

ಮೇಸ್ತ್ರಿ, ಬಳ್ಳಾರಿ: ಬರೇ ಸಪ್ಪಳ ಕೇಳಿ ಹೇಳಾಕ ಬರಂಗಿಲ್ರಿ. ಪಟ್ಟಿನ ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಸಡಿಲಿದ್ರೂ ಹಂಗ ಅಂತೈತಿ, ಮೊದಲ ಅದನ್ನ ನೋಡ್ರಿ. ಆಮೇಲೆ ಗಾಲಿಗೆ ಕಲ್ಲು ಕೊಟ್ಟು, ಚಾಸಿ ಎತ್ತಿ ಕಟ್ಟಿಗಿ ದಿಮ್ಮಿ ಇಡ್ರಿ. ಬರೇ ಜಾಕ್ ನಂಬಿ ಕೆಳಗ ಹೋಗಬ್ಯಾಡ್ರಿ. ಪಟ್ಟಿ ಕಣ್ಣಿಗೂ ಬ್ರಾಕೆಟ್ಟಿಗೂ ನಡುವ ಹಾರಿ ಹಾಕಿ ಮೀಟ್ರಿ. ಪಿನ್ ಕಡಕಡ ಅಳ್ಳಾಡಿದ್ರ ಬುಷ್, ಪಿನ್ ಎರಡೂ ಬದಲಿಸ್ರಿ.

ಸಂಡೂರು ಟಿಪ್ಪರ್: ಅಣ್ಣಾರ, ಹತ್ತು ಚಕ್ರದ ಗಾಡಿ, ಅದಿರು ಹೊಡೀತೀವಿ. ಲೋಡ್‌ನಾಗ ಬ್ರೇಕ್ ಹಿಡಿದ್ರ ಎಡಕ್ಕ ಎಳೀತೈತಿ, ಖಾಲಿ ಇದ್ರ ಏನಿಲ್ಲ. ಬ್ರೇಕ್ ಸೆಟ್ ಮಾಡಿಸೇವಿ. ಹಿಂದಿನ ಎಡ ಟೈರ್ ಒಂದ ಕಡೆ ಸವದೈತಿ.

ಮೇಸ್ತ್ರಿ: ತಮ್ಮಾ, ಇವತ್ತು ಲೋಡ್ ಹಾಕಬ್ಯಾಡ. ಆಕ್ಸಲ್ ಜಾಗ ಬಿಡದಂಗ ಹಿಡಿಯೋ ಟಾರ್ಕ್ ರಾಡ್ ಇರತೈತಲ್ಲ, ಅದರ ಬುಷ್ ಮೇಲೆ ನನಗ ಅನುಮಾನ. ಅದು ಹೋದ್ರ ಭಾರದಾಗ ಆಕ್ಸಲ್ ಹಿಂದ ಮುಂದ ಸರೀತೈತಿ, ಇಳಕಲದಾಗ ಗಾಡಿ ಕೈಗೆ ಸಿಗಂಗಿಲ್ಲ. ಖಾಲಿ ಗಾಡಿ ಸಮ ನೆಲದಾಗ ನಿಲ್ಲಿಸು. ಡ್ರೈವರ್ ಬ್ರೇಕ್ ಹಿಡಿದು ಹಗೂರಕ ಮುಂದ ಹಿಂದ ಜಗ್ಗಲಿ, ನೀ ಪಕ್ಕಕ್ಕ ದೂರ ನಿಂತು ರಾಡಿನ ತುದಿ ನೋಡು. ರಾಡ್ ಜಿಗಿದ್ರ ಬುಷ್ ಮುಗಿದಂಗ. ರಬ್ಬರ್ ಮೇಲೆ ಸಣ್ಣ ಬಿರುಕಿದ್ರ ನಡೀತೈತಿ, ಕಬ್ಬಿಣ ಬಿಟ್ಟು ಎದ್ದಿದ್ರ ನಡಿಯಂಗಿಲ್ಲ. ನಿಮ್ಮ ಗಾಡಿ ಎಲ್ಲಾ ಕೆಂಪಗ ಇರತೈತಿ, ಅದಕ್ಕ ಮೋಸ ಹೋಗಬ್ಯಾಡ: ಅದಿರಿನ ಧೂಳು ಎಲ್ಲಾ ಕಡೆ ಸಮ ಕುಂದ್ರತೈತಿ. ಬೋಲ್ಟ್ ತುದಿಯಿಂದ ಗೆರೆ ಗೆರೆ ಇಳಿದಿದ್ರ ಅದು ತುಕ್ಕು, ಒಳಗ ಕಬ್ಬಿಣ ಕಬ್ಬಿಣ ತಿಕ್ಕಾಕ ಹತ್ತೈತಿ. ಆಮೇಲೆ ಹಿಂದಿನ ಎರಡು ಆಕ್ಸಲ್ ಹಬ್ ನಡುವಿನ ಅಳತೆ ಎಡಕ್ಕೂ ಬಲಕ್ಕೂ ಟೇಪ್ ಹಿಡಿದು ನೋಡು, ಎರಡೂ ಸಮ ಇರಬೇಕು.

ಗಂಗಾವತಿ ಮಿಲ್ ಲಾರಿ: ಗ್ರೂಪಿನಾಗ ಬಂದಿದ್ದು: ಬುಷ್‌ಗೆ ಹಳೇ ಇಂಜಿನ್ ಆಯಿಲ್, ಡೀಸೆಲ್ ಬೆರೆಸಿ ಬಿಟ್ರ ಸಪ್ಪಳ ಬಂದ್. ಎಲ್ಲರಿಗೂ ಕಳಿಸ್ರಿ.

ಮೇಸ್ತ್ರಿ: ಯಾರಿಗೂ ಕಳಿಸಬ್ಯಾಡ್ರಿ! ರಬ್ಬರ್‌ಗೆ ಎಣ್ಣಿ ಬಿದ್ರ ಉಬ್ಬಿ ಮೆತ್ತಗಾಗಿ ಹರೀತೈತಿ. ಗ್ರೀಸ್ ಹೊಡಿಯೋ ನಿಪ್ಪಲ್ ಇರೋ ಗನ್‌ಮೆಟಲ್ (ಕಂಚಿನ ಜಾತಿ ಲೋಹ) ಬುಷ್‌ಗೆ ಗ್ರೀಸ್ ಬೇಕ ಬೇಕು, ಹೊಸದು ಹೊರಗ ಬರೋತನಕ ಹೊಡೀರಿ. ರಬ್ಬರ್‌ಗೆ ಏನೂ ಬ್ಯಾಡ.

ಗಂಗಾವತಿ: ನಮ್ಮಪ್ಪ ಮೊದಲಿಂದ ಆಯಿಲ್ ಹಾಕ್ಯಾರ, ಏನಾಗಿಲ್ಲ.

ಹೊಸಪೇಟೆ ಡ್ರೈವರ್: ನಿಮ್ಮಪ್ಪನ ಗಾಡಿಗೆ ಗನ್‌ಮೆಟಲ್ ಇದ್ದೀತು. ಓವರ್‌ಲೋಡ್ ತುಂಬಿ ಬುಷ್‌ಗೆ ಬೈದ್ರ ಹೆಂಗ?

ಗಂಗಾವತಿ: ಬಾಡಿಗಿ ನೀ ಕೊಡ್ತಿಯೇನ್? ಬಾಯಿ ಬಿಗಿ ಹಿಡಿ.

ಹೊಸಪೇಟೆ: ರಸ್ತೆದಾಗ ನಾವೂ ಓಡಾಡ್ತೀವಿ, ಹೇಳೋದ ಹೇಳ್ತೀವಿ.

ಮಸ್ಕಿ: ಲೋಕಲ್ ಬುಷ್ ಎಷ್ಟು ದಿನ ಬಾಳ್ತಾವ್ರಿ?

ಕಂಪ್ಲಿ: ಗುಂಡಿಗಿಳಿದ್ರ ಸಪ್ಪಳ, ಬುಷ್ ಹೋಗೈತೇನ್ರಿ?

ಮೇಸ್ತ್ರಿ: ಮೇಲೆ ಬರದೀನಿ, ಓದ್ರಿ.

ಸಿಂಧನೂರು: ಯು ಬೋಲ್ಟ್ ಬಿಗಿ ಐತಿ. ಹಾರಿ ಹಾಕಿದ್ರ ಎಡ ಪಿನ್ ಅಳ್ಳಾಡ್ತೈತಿ. ಒಂದ ಕಡೆ ಸಾಕಲ್ರಿ?

ಮೇಸ್ತ್ರಿ: ಎರಡೂ ಕಡೆ.

ಸಂಡೂರು: ಅಣ್ಣಾರ, ಎಡಕ್ಕ ಎರಡು ಬೆರಳು ಜಾಸ್ತಿ ಐತಿ. ರಾಡಿನ ತುದಿ ಜಿಗೀತೈತಿ.

ಮೇಸ್ತ್ರಿ: ಗಾಡಿ ಅಲ್ಲೇ ಇರಲಿ. ಆ ಆಕ್ಸಲ್‌ದು ಎರಡೂ ಕಡೆ ಬುಷ್ ತರಿಸು. ಗಾಲಿ ನೆಲಕ್ಕ ಕೂತು ಭಾರ ಬಿದ್ದ ಮ್ಯಾಲ ಬೋಲ್ಟ್ ಪೂರ್ತಿ ಬಿಗಿ. ಎತ್ತಿದಾಗ ಬಿಗಿದ್ರ ಹೊಸ ರಬ್ಬರ್ ತಿರುಚಿ ಕುಂದ್ರತೈತಿ. ಮೊದಲ ಲೋಡ್ ಇಳಿಸಿದ ಕೂಡಲೇ ಮತ್ತ ಪಾನಾ ಹಾಕು.